ಸ್ವರ ಹತ್ತಿರ, ಬೆರಳು ದೂರ

ಗಿಟಾರಿನಲ್ಲಿ ಒಂದು ವಿಚಿತ್ರ ಇದೆ. ಎರಡು ಸ್ವರಗಳು ಒಂದಕ್ಕೊಂದು ತೀರಾ ಹತ್ತಿರ ಇದ್ದರೆ, ಅವನ್ನು ಒಟ್ಟಿಗೆ ನುಡಿಸಲು ಬೆರಳುಗಳು ದೂರ ದೂರ ಹೋಗಬೇಕು. ಹಾರ್ಮೋನಿಯಂ ಮುಂದೆ ಕೂತವರಿಗೆ ಈ ಕಷ್ಟವೇ ಇಲ್ಲ. ಅಲ್ಲಿ ರಿಷಭ, ಗಾಂಧಾರ ಅಕ್ಕಪಕ್ಕದಲ್ಲೇ ಇರುತ್ತವೆ. ಎರಡು ಬೆರಳು ಪಕ್ಕಪಕ್ಕ ಇಟ್ಟರೆ ಆಯಿತು. ಗಿಟಾರಿನ ಒಂದು ತಂತಿಯಲ್ಲಿ ಒಂದು ಸಲಕ್ಕೆ ಒಂದೇ ಸ್ವರ. ಎರಡನೆಯದು ಬೇಕಾದರೆ ಪಕ್ಕದ ತಂತಿಗೆ ಹೋಗಬೇಕು. ಆ ತಂತಿಯೋ ಆಗಲೇ ಐದು ಫ್ರೆಟ್‌ನಷ್ಟು ಮೇಲಿನ ಶ್ರುತಿಯಲ್ಲಿ ಇರುತ್ತದೆ (ಜಿ ಮತ್ತು ಬಿ ತಂತಿಗಳ ನಡುವೆ ಮಾತ್ರ ನಾಲ್ಕು). ನೆಕ್ ಅಂದರೆ ಗಿಟಾರಿನ ಕತ್ತು, ಅದರ ಮೇಲಿನ ಲೋಹದ ಅಡ್ಡಪಟ್ಟಿಗಳೇ ಫ್ರೆಟ್. ಒಂದು ಫ್ರೆಟ್ ಮುಂದೆ ಹೋದರೆ ಸ್ವರ ಹಾರ್ಮೋನಿಯಂನ ಒಂದು ಮನೆಯಷ್ಟು ಏರುತ್ತದೆ. ಆರು ತಂತಿಗಳ ಹೆಸರು, ದಪ್ಪದಿಂದ ತೆಳುವಿಗೆ, ಇ, ಎ, ಡಿ, ಜಿ, ಬಿ, ಇ. ಹಾಗಾಗಿ ಬರೀ ಒಂದು ಫ್ರೆಟ್‌ನಷ್ಟು ಅಂತರ ಇರುವ ಎರಡು ಸ್ವರ ಒಟ್ಟಿಗೆ ಕೇಳಬೇಕಾದರೆ, ದಪ್ಪ ತಂತಿಯ ಮೇಲಿನ ಬೆರಳು ತೆಳು ತಂತಿಯ ಮೇಲಿನ ಬೆರಳಿಗಿಂತ ನಾಲ್ಕು ಫ್ರೆಟ್ ಮುಂದೆ ಕೂರಬೇಕು.

ಆ ನಾಲ್ಕು ಫ್ರೆಟ್ ಅಗಲದ ಬಗ್ಗೆ ಬರೆಯಬೇಕು ಅಂತ ತುಂಬಾ ದಿನದಿಂದ ಇತ್ತು. ಗಿಟಾರ್ ಕಲಿಯುವವರಲ್ಲಿ ಬಹಳ ಜನ ಇಂಥ ಕಾರ್ಡ್‌ಗಳನ್ನು (ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಒಂದು ಸರ್ಕಸ್ ಎಂದುಕೊಂಡು ಬಿಟ್ಟುಬಿಡುತ್ತಾರೆ. "ನನ್ನ ಕೈ ಚಿಕ್ಕದು" ಅನ್ನುತ್ತಾರೆ. ಇನ್ನು ಕೆಲವರು ಹಲ್ಲು ಕಚ್ಚಿಕೊಂಡು ಬೆರಳನ್ನು ಎಳೆದಾಡಿ ನೋವು ಮಾಡಿಕೊಳ್ಳುತ್ತಾರೆ. ಎರಡೂ ಬೇಡ. ಈ ಅಗಲದೊಳಗೆ ಬೇರೆಲ್ಲೂ ಸಿಗದ ಒಂದು ನಾದ ಇದೆ. ಅದನ್ನು ಕೇಳಬೇಕು ಅನ್ನುವ ಆಸೆ ಮೊದಲು ಹುಟ್ಟಬೇಕು. ಕೈ ಆಮೇಲೆ ದಾರಿ ಹುಡುಕುತ್ತದೆ.

ಇನ್ನೊಂದು ಮಾತು. ಅಗಲದ ಕಾರ್ಡ್ ಅಭ್ಯಾಸ ಮಾಡುವುದಾದರೆ ಅದನ್ನು ಆರ್ಪೆಜಿಯೋ ಆಗಿಯೇ ಮಾಡಬೇಕು. ಅಂದರೆ ಕಾರ್ಡ್ ಹಿಡಿದು ಒಂದೊಂದೇ ತಂತಿಯನ್ನು ಬಿಡಿಸಿ ನುಡಿಸಬೇಕು. ಸ್ಟ್ರಮ್ ಮಾಡಿದರೆ, ಅಂದರೆ ಎಲ್ಲ ತಂತಿಗಳನ್ನೂ ಒಂದೇ ಏಟಿಗೆ ಸವರಿದರೆ, ಐದಾರು ತಂತಿಗಳ ಸದ್ದಿನಲ್ಲಿ ಒಂದು ಸತ್ತುಹೋಗಿದ್ದರೂ ಗೊತ್ತಾಗುವುದಿಲ್ಲ. ಬಿಡಿಸಿ ನುಡಿಸಿದಾಗ ಬಚ್ಚಿಡಲು ಜಾಗ ಇಲ್ಲ. ಕಿರುಬೆರಳು ಸರಿಯಾಗಿ ಕೂತಿಲ್ಲವೋ, ಆ ತಂತಿ ಟಕ್ ಅಂದು ನಿಲ್ಲುತ್ತದೆ. ತೋರುಬೆರಳು ಸಡಿಲವಾಯಿತೋ, ಝರ್ ಅನ್ನುತ್ತದೆ. ಜೊತೆಗೆ ಇನ್ನೊಂದು ಶರತ್ತೂ ಇದೆ. ಮೊದಲು ನುಡಿಸಿದ ಸ್ವರ ಮೂರನೆಯದು ಬರುವವರೆಗೂ ಕೇಳುತ್ತಿರಬೇಕು. ಒಂದು ಬೆರಳು ಒತ್ತುವಾಗ ಇನ್ನೊಂದು ಎದ್ದರೆ ಅದು ಆರ್ಪೆಜಿಯೋ ಅಲ್ಲ, ಬಿಡಿ ಬಿಡಿ ಸ್ವರಗಳ ಸಾಲು ಅಷ್ಟೇ.

ಇದನ್ನು ವಿವರಿಸಲು ನನಗೆ ತಕ್ಷಣ ನೆನಪಾಗುವುದು ಆ್ಯಂಡಿ ಸಮರ್ಸ್. ಇಂಗ್ಲೆಂಡಿನವರು, 'ದಿ ಪೊಲೀಸ್' ಬ್ಯಾಂಡಿನ ಗಿಟಾರ್ ವಾದಕರು. 1979ರ 'ಮೆಸೇಜ್ ಇನ್ ಎ ಬಾಟಲ್' ಹಾಡು ಶುರುವಾಗುವುದೇ ಇಂಥ ಅಗಲದ ಆರ್ಪೆಜಿಯೋದಿಂದ. ಎ ತಂತಿಯ 4ನೇ ಫ್ರೆಟ್, ಡಿ ತಂತಿಯ 6, ಜಿ ತಂತಿಯ 8. ಮೂರು ತಂತಿ, ಮೂರು ಸ್ವರ. ಅದೇ ಆಕಾರ ಒಂದು ತಂತಿ ದಪ್ಪದ ಕಡೆಗೆ ಸರಿದು 5-7-9 ಆಗುತ್ತದೆ. ಆಮೇಲೆ 7-9-11. ಕೇಳುವಾಗ ಅಲೆ ಅಲೆಯಾಗಿ ಬರುತ್ತದೆ. ಕೈ ನೋಡಿದರೆ ಒಂದೇ ಆಕಾರ ನೆಕ್ ಮೇಲೆ ಓಡಾಡುತ್ತಿದೆ ಅಷ್ಟೇ.

ಆ ಮೂರು ಸ್ವರಗಳು ಯಾವುವು ಅಂತ ನಮ್ಮ ಲೆಕ್ಕದಲ್ಲಿ ನೋಡಿದರೆ ಇನ್ನೂ ಚಂದ. ಮೊದಲನೆಯದು ಷಡ್ಜ. ಎರಡನೆಯದು ಪಂಚಮ. ಆ ಪಂಚಮವನ್ನೇ ಷಡ್ಜ ಎಂದುಕೊಂಡು ಅದರ ಮೇಲೆ ಮತ್ತೊಂದು ಪಂಚಮ ಇಟ್ಟರೆ ಮೂರನೆಯದು. ಅದು ಮೇಲಿನ ಸ್ಥಾಯಿಯ ಚತುಶ್ರುತಿ ರಿಷಭ. ಸ, ಪ, ರಿ. ತಂಬೂರಿಯ ಸ-ಪ ಕೇಳಿ ಬೆಳೆದ ಕಿವಿಗೆ ಮೊದಲ ಎರಡು ಸ್ವರ ಮನೆಯವೇ. ಅದರ ಮೇಲೆ ರಿಷಭ ಬಂದು ಕೂತಾಗ ಬಾಗಿಲು ತೆರೆದ ಹಾಗೆ ಆಗುತ್ತದೆ. ಇಲ್ಲಿ ಗಾಂಧಾರ ಇಲ್ಲ ಅನ್ನುವುದು ಮುಖ್ಯ. ಮೇಜರ್ ಕಾರ್ಡ್ ಯಾವುದು, ಮೈನರ್ ಯಾವುದು ಅಂತ ತೀರ್ಮಾನಿಸುವುದೇ ಗಾಂಧಾರ. ಅದನ್ನು ಬಿಟ್ಟಾಗ ಕಾರ್ಡ್ ಸಂತೋಷವನ್ನೂ ಹೇಳುವುದಿಲ್ಲ, ದುಃಖವನ್ನೂ ಹೇಳುವುದಿಲ್ಲ. ಆ ಕೆಲಸವನ್ನು ಹಾಡುವವರಿಗೆ ಬಿಡುತ್ತದೆ.

ನಾಲ್ಕು ವರ್ಷ ಬಿಟ್ಟು, 1983ರಲ್ಲಿ, 'ಎವ್ರಿ ಬ್ರೆತ್ ಯು ಟೇಕ್' ಬಂತು. ಅದೇ ಬ್ಯಾಂಡಿನ ಗಾಯಕ ಸ್ಟಿಂಗ್ ಆ ಹಾಡನ್ನು ಮೊದಲು ಹ್ಯಾಮಂಡ್ ಆರ್ಗನ್ ಇಟ್ಟುಕೊಂಡು ಡೆಮೋ ಮಾಡಿದ್ದರು. ಆರ್ಗನ್ ತೆಗೆದು ಅದರ ಜಾಗದಲ್ಲಿ ಈ ಗಿಟಾರ್ ಆರ್ಪೆಜಿಯೋ ತಂದವರು ಸಮರ್ಸ್. ಇಲ್ಲಿ ಅವರು ಸ-ಪ-ರಿ ಮೇಲೆ ಗಾಂಧಾರವನ್ನೂ ಸೇರಿಸಿದರು. ಸಾಮಾನ್ಯವಾಗಿ ನುಡಿಸುವ ರೂಪದಲ್ಲಿ ಮೊದಲ ಕಾರ್ಡ್ ಎ ಆಡ್ ನೈನ್, ಅಂದರೆ ಎ ಮೇಜರ್‌ಗೆ ಮೇಲಿನ ರಿಷಭ ಸೇರಿದ್ದು. ದಪ್ಪ ಇ ತಂತಿಯಲ್ಲಿ 5, ಎ ತಂತಿಯಲ್ಲಿ 7, ಡಿ ತಂತಿಯಲ್ಲಿ 9, ಆಮೇಲೆ ಜಿ ತಂತಿಯಲ್ಲಿ 6ಕ್ಕೆ ವಾಪಸ್. ಮುಂದಿನದು ಎಫ್ ಶಾರ್ಪ್ ಮೈನರ್ ಆಡ್ ನೈನ್. 2, 4, 6, ಆಮೇಲೆ ಜಿ ತಂತಿಯಲ್ಲಿ ಮತ್ತೆ 2.

ನಾನು ಮೊದಲು ಹೇಳಿದ ವಿಚಿತ್ರ ಈ ಎರಡನೇ ಕಾರ್ಡಿನಲ್ಲಿ ಪೂರ್ತಿಯಾಗಿ ಕಾಣುತ್ತದೆ. ಡಿ ತಂತಿಯ 6ನೇ ಫ್ರೆಟ್‌ನಲ್ಲಿ ರಿಷಭ. ಜಿ ತಂತಿಯ 2ನೇ ಫ್ರೆಟ್‌ನಲ್ಲಿ ಸಾಧಾರಣ ಗಾಂಧಾರ. ಎರಡರ ನಡುವೆ ಇರುವುದು ಬರೀ ಒಂದು ಫ್ರೆಟ್‌ನಷ್ಟು ಅಂತರ. ಕಿರುಬೆರಳು ಮತ್ತು ತೋರುಬೆರಳು ಮಾತ್ರ ಎರಡು ತುದಿಯಲ್ಲಿ. ನಮ್ಮ ಸಂಗೀತದಲ್ಲಿ ಖರಹರಪ್ರಿಯ ಹಾಡುವಾಗ ರಿಯಿಂದ ಗಕ್ಕೆ ಹೋಗುತ್ತೇವೆ. ಒಂದಾದ ಮೇಲೆ ಒಂದು ಬರುತ್ತವೆ, ಗಮಕದಲ್ಲಿ ಒಂದರೊಳಗೆ ಒಂದು ಜಾರುತ್ತವೆ. ಎರಡೂ ಒಟ್ಟಿಗೆ ನಿಂತು ನುಡಿಯುವುದಿಲ್ಲ. ಇಲ್ಲಿ ನಿಲ್ಲುತ್ತವೆ. ಆ ಉಜ್ಜಾಟದಲ್ಲಿ ಒಂದು ತಣ್ಣನೆಯ ನೋವು ಇದೆ. ಇಡೀ ಹಾಡಿನ ಅಶಾಂತಿ ಆ ಎರಡು ಸ್ವರಗಳಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ. ಸುಲಭದ ಎಫ್ ಶಾರ್ಪ್ ಮೈನರ್ ಬ್ಯಾರೆ ಕಾರ್ಡ್ (ಒಂದೇ ಬೆರಳಿನಿಂದ ತಂತಿಗಳನ್ನೆಲ್ಲ ಅಡ್ಡಲಾಗಿ ಒತ್ತುವುದು) ಹಿಡಿದು ಅದೇ ಹಾಡು ನುಡಿಸಿ ನೋಡಿ. ಸ್ವರ ತಪ್ಪಿಲ್ಲ. ಆದರೆ ಹಾಡು ಅಲ್ಲಿಲ್ಲ.

ಈ ನುಡಿಸಾಣಿಕೆಯ ಹಿಂದೆ ತಾವು ಅಭ್ಯಾಸ ಮಾಡುತ್ತಿದ್ದ, ಹಂಗೇರಿಯ ಸಂಗೀತ ಸಂಯೋಜಕ ಬೇಲಾ ಬಾರ್ಟೊಕ್‌ನ ಪಿಟೀಲು ಯುಗಳಗಳ ಪ್ರಭಾವ ಇದೆ ಎಂದು ಸಮರ್ಸ್ ಹೇಳಿದ್ದಾರೆ. ನನಗೆ ತುಂಬಾ ಇಷ್ಟವಾದ ಸಂಗತಿ ಇದು. ಬಾರ್ಟೊಕ್ 1931ರಲ್ಲಿ ಎರಡು ಪಿಟೀಲುಗಳಿಗಾಗಿ 44 ಯುಗಳಗಳನ್ನು ಬರೆದ. ಎರಿಕ್ ಡೋಫ್ಲೈನ್ ಎಂಬ ಪಿಟೀಲು ಅಧ್ಯಾಪಕರು ಕೇಳಿದ್ದಕ್ಕೆ, ಕಲಿಯುವ ಮಕ್ಕಳಿಗಾಗಿ ಬರೆದದ್ದು. ಸುಲಭದಿಂದ ಕಷ್ಟಕ್ಕೆ ಹೋಗುವ ಪಾಠಗಳು. ಅಂದರೆ ಪಾಠಕ್ಕೆ ಅಂತ ಹುಟ್ಟಿದ ಸಂಗೀತ, ಇನ್ನೊಬ್ಬರ ಅಭ್ಯಾಸದ ಕೋಣೆಯಲ್ಲಿ ಅರ್ಧ ಶತಮಾನ ಆದಮೇಲೆ, ಜಗತ್ತೆಲ್ಲ ಕೇಳಿದ ಒಂದು ಹಾಡಿನ ಬೆನ್ನೆಲುಬಾಯಿತು. ಪಿಟೀಲಿನ ತಂತಿಗಳು ಅಲ್ಲಿ ಜಿ, ಡಿ, ಎ, ಇ. ಒಂದೊಂದರ ನಡುವೆ ಪಂಚಮದ ಅಂತರ. ಒಂದೇ ಬೆರಳನ್ನು ಎರಡು ತಂತಿಯ ಮೇಲೆ ಒತ್ತಿದರೆ ಸ-ಪ ಬಂದುಬಿಡುತ್ತದೆ. ಪಿಟೀಲಿಗೆ ಅಷ್ಟು ಸಲೀಸಾದ ಪಂಚಮಗಳನ್ನು ಗಿಟಾರಿನಲ್ಲಿ ಒಂದರ ಮೇಲೊಂದು ಇಡಲು ಹೋದರೆ ತಂತಿಗೆ ಎರಡೆರಡು ಫ್ರೆಟ್ ಜಾರಿ ನಾಲ್ಕು ಫ್ರೆಟ್ ಅಗಲವಾಗುತ್ತದೆ.

ಈ ನಾಲ್ಕು ಫ್ರೆಟ್ ಎಲ್ಲ ಕಡೆ ಒಂದೇ ಅಲ್ಲ. ಇದನ್ನು ಅಳತೆಯಲ್ಲಿ ಹೇಳುವುದೇ ಒಳ್ಳೆಯದು. ಸಮರ್ಸ್ ಹೆಸರಾಗಿರುವುದು ಫೆಂಡರ್ ಟೆಲಿಕಾಸ್ಟರ್ ಗಿಟಾರಿಗೆ. ಅದರ ತಂತಿಯ ಉದ್ದ, ಅಂದರೆ ನೆಕ್ ತುದಿಯಲ್ಲಿ ತಂತಿ ಕೂರುವ ನಟ್‌ನಿಂದ ಬ್ರಿಡ್ಜ್‌ವರೆಗೆ, 648 ಮಿಲಿಮೀಟರ್. ಮೊದಲ ಫ್ರೆಟ್ ನಟ್‌ನಿಂದ ಸುಮಾರು 36 ಮಿ.ಮೀ. ದೂರ. ಅಲ್ಲಿಂದ ಮುಂದೆ ಪ್ರತಿ ಫ್ರೆಟ್ ಸ್ವಲ್ಪ ಸ್ವಲ್ಪ ಕಿರಿದಾಗುತ್ತಾ ಹೋಗುತ್ತದೆ. ಉಳಿದ ತಂತಿಯ ಉದ್ದವನ್ನು 17.817ರಿಂದ ಭಾಗಿಸಿದರೆ ಮುಂದಿನ ಫ್ರೆಟ್‌ನ ಜಾಗ ಸಿಗುತ್ತದೆ, ಇದು ಗಿಟಾರ್ ಮಾಡುವವರ ಲೆಕ್ಕ. 12 ಫ್ರೆಟ್ ದಾಟಿದರೆ ಅಗಲ ಸರಿಯಾಗಿ ಅರ್ಧ. ಆ ಲೆಕ್ಕದಲ್ಲಿ 2ನೇ ಫ್ರೆಟ್‌ನಿಂದ 6ಕ್ಕೆ ಸುಮಾರು 119 ಮಿ.ಮೀ. 5ರಿಂದ 9ಕ್ಕೆ ನೂರು. 7ರಿಂದ 11ಕ್ಕೆ 89. 9ರಿಂದ 13ಕ್ಕೆ ಎಂಬತ್ತಕ್ಕೂ ಕಮ್ಮಿ.

ಒಂದು ಸ್ಕೇಲ್ ತೆಗೆದುಕೊಂಡು ನಿಮ್ಮ ತೋರುಬೆರಳಿನಿಂದ ಕಿರುಬೆರಳಿಗೆ ಎಷ್ಟು ಅಗಲ ಬರುತ್ತದೆ ಅಂತ ಮೇಜಿನ ಮೇಲೆ ಅಳೆದು ನೋಡಿ. ಬಲವಂತ ಬೇಡ, ಸುಮ್ನೆ ಬಿಡಿಸಿ. ಆಗ ಗೊತ್ತಾಗುತ್ತದೆ ಎಲ್ಲಿಂದ ಶುರು ಮಾಡಬೇಕು ಅಂತ. 2ನೇ ಫ್ರೆಟ್‌ನಲ್ಲಿ ಬಾರದ ಕಾರ್ಡ್ 9ರಲ್ಲಿ ಆರಾಮಾಗಿ ಬರುತ್ತದೆ. ಹಾಗಾದರೆ 9ರಲ್ಲೇ ಶುರು ಮಾಡಬೇಕು. ಅಲ್ಲಿ ಮೂರೂ ಸ್ವರ ಶುದ್ಧವಾಗಿ ಕೇಳಿದ ಮೇಲೆ 8ಕ್ಕೆ ಇಳಿಯುವುದು. ಅದಾದ ಮೇಲೆ 7. ಒಂದೊಂದು ಫ್ರೆಟ್ ಇಳಿದಾಗಲೂ ಜಾಸ್ತಿ ಆಗುವುದು ಐದರಿಂದ ಏಳು ಮಿ.ಮೀ. ಅಷ್ಟೇ, ಅದನ್ನು ಕೈ ಒಪ್ಪಿಕೊಳ್ಳುತ್ತದೆ. ಹಾಡಿನ ಬೆರಳಿನ ಆಕಾರ ಬದಲಾಗಬಾರದು ಅನ್ನುವವರು ಕ್ಯಾಪೊ (ಎಲ್ಲ ತಂತಿಗಳನ್ನೂ ಒಂದು ಫ್ರೆಟ್ ಹತ್ತಿರ ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಹಾಡನ್ನು ಮೇಲಿನ ಶ್ರುತಿಯಲ್ಲೇ ಹಾಡಿಕೊಂಡು ಅಭ್ಯಾಸ ಮಾಡಬಹುದು. 3ನೇ ಫ್ರೆಟ್‌ಗೆ ಕ್ಯಾಪೊ ಹಾಕಿದರೆ 2-4-6 ಎಂಬ ಆಕಾರ ನಿಜವಾಗಿ 5-7-9ರ ಅಗಲದಲ್ಲಿ ಕೂರುತ್ತದೆ.

ಗಿಟಾರ್ ಬದಲಾಯಿಸಿದರೆ ಸುಲಭ ಆಗುತ್ತದಾ ಅಂತ ಕೇಳುತ್ತಾರೆ. ಗಿಬ್ಸನ್ ಮಾದರಿಯ ಗಿಟಾರುಗಳಲ್ಲಿ ತಂತಿಯ ಉದ್ದ ಸುಮಾರು 628 ಮಿ.ಮೀ. ಅಲ್ಲಿ 2-4-6ರ ಅಗಲ ಮೂರೂವರೆ ಮಿ.ಮೀ. ಕಮ್ಮಿ ಆಗುತ್ತದೆ. ಒಂದು ಫ್ರೆಟ್ ಮೇಲೆ ಹೋದಷ್ಟೂ ಇಲ್ಲ. ಅದಕ್ಕೋಸ್ಕರ ದುಡ್ಡು ಸುರಿಯಬೇಕಿಲ್ಲ. ಅದರ ಬದಲು ತಂತಿಯ ಎತ್ತರವನ್ನು ಸರಿ ಮಾಡಿಸಿಕೊಳ್ಳಿ. ತಂತಿ ಫ್ರೆಟ್‌ನಿಂದ ಎತ್ತರದಲ್ಲಿದ್ದರೆ ಪೂರ್ತಿ ಚಾಚಿದ ಕಿರುಬೆರಳಿಗೆ ಒತ್ತುವ ಶಕ್ತಿ ಉಳಿದಿರುವುದಿಲ್ಲ. ಗಿಟಾರ್ ರಿಪೇರಿ ಗೊತ್ತಿರುವವರು ಅರ್ಧ ದಿನದಲ್ಲಿ ಸರಿ ಮಾಡಿಕೊಡುವ ಕೆಲಸ ಅದು.

ಈಗ ಕೈ ವಿಷಯ. ಒಂದು ಚಿಕ್ಕ ಪರೀಕ್ಷೆ ಮಾಡಿ. ಎಡಗೈ ಬೆರಳುಗಳನ್ನು ನೆಟ್ಟಗೆ ಚಾಚಿ, ಎಷ್ಟಾಗುತ್ತದೋ ಅಷ್ಟು ಅಗಲಿಸಿ. ಚೆನ್ನಾಗಿ ಅಗಲವಾಗುತ್ತದೆ, ಅಲ್ವಾ? ಈಗ ಬೆರಳು ನೆಟ್ಟಗೇ ಇರಲಿ, ಅಂಗೈಗೆ ಸೇರುವ ಬುಡದ ಗೆಣ್ಣನ್ನು ಮಾತ್ರ 90 ಡಿಗ್ರಿ ಬಗ್ಗಿಸಿ. ಹಾಗೇ ಅಗಲಿಸಲು ನೋಡಿ. ಬೆರಳು ಅಲ್ಲಾಡುವುದೇ ಕಷ್ಟ. ಬುಡದ ಗೆಣ್ಣಿನ ಎರಡೂ ಪಕ್ಕ ಇರುವ ಲಿಗಮೆಂಟ್‌ಗಳು ಗೆಣ್ಣು ಬಗ್ಗಿದಾಗ ಬಿಗಿಯಾಗುತ್ತವೆ, ನೆಟ್ಟಗಾದಾಗ ಸಡಿಲವಾಗುತ್ತವೆ. ಎಲ್ಲರ ಕೈಯೂ ಹಾಗೆಯೇ ಮಾಡಲ್ಪಟ್ಟಿದೆ.

ಅಗಲದ ಕಾರ್ಡ್‌ಗಳ ಅರ್ಧ ಗುಟ್ಟು ಇದರಲ್ಲೇ ಇದೆ. ಹೆಬ್ಬೆರಳನ್ನು ನೆಕ್ ಮೇಲಿಂದ ಇಣುಕಿಸಿ, ಅಂಗೈಯಿಂದ ನೆಕ್ ಅನ್ನು ಅಪ್ಪಿ ಹಿಡಿದರೆ ಬುಡದ ಗೆಣ್ಣುಗಳು ಬಗ್ಗಿಬಿಡುತ್ತವೆ. ಆಮೇಲೆ ಎಷ್ಟು ಎಳೆದರೂ ಅಗಲ ಸಿಗುವುದಿಲ್ಲ. ಹೆಬ್ಬೆರಳನ್ನು ನೆಕ್ ಹಿಂಭಾಗಕ್ಕೆ, ನಡುಬೆರಳಿನ ಎದುರಿಗೆ ತಂದಿಟ್ಟರೆ ಅಂಗೈ ನೆಕ್ ಬಿಟ್ಟು ದೂರ ಬರುತ್ತದೆ. ಗೆಣ್ಣುಗಳು ತೆರೆದುಕೊಳ್ಳುತ್ತವೆ. ಆದರೆ ಹೀಗೆ ಮಾಡುವಾಗ ಮಣಿಕಟ್ಟು ಮುಂದಕ್ಕೆ ಜಾಸ್ತಿ ಬಾಗುವ ಅಪಾಯ ಇದೆ. ಅದಕ್ಕೆ ಮದ್ದು ನೆಕ್ ಎತ್ತುವುದು. ಶಾಸ್ತ್ರೀಯ ಗಿಟಾರಿನವರು ಎಡಗಾಲನ್ನು ಚಿಕ್ಕ ಮಣೆಯ ಮೇಲಿಟ್ಟು, ಗಿಟಾರನ್ನು ಎಡತೊಡೆಯ ಮೇಲೆ ಕೂರಿಸಿ, ನೆಕ್ ಅನ್ನು ಓರೆಯಾಗಿ ಮೇಲಕ್ಕೆ ಎತ್ತಿರುತ್ತಾರಲ್ಲ, ಅದು ಸಂಪ್ರದಾಯಕ್ಕೆ ಮಾತ್ರ ಅಲ್ಲ. ಆ ಓರೆಯಲ್ಲಿ ಮಣಿಕಟ್ಟು ನೇರವಾಗಿ ಉಳಿಯುತ್ತದೆ. ಪಾಪ್, ರಾಕ್ ನುಡಿಸುವವರೂ ಅಭ್ಯಾಸದ ಹೊತ್ತಿನಲ್ಲಿ ಹೀಗೆ ಕೂತರೆ ನಷ್ಟವೇನಿಲ್ಲ. ವೇದಿಕೆಯಲ್ಲಿ ಬೆಲ್ಟ್ ಎಷ್ಟು ಇಳಿಸಬೇಕೋ ಅದು ಆಮೇಲಿನ ಮಾತು.

ಬೆರಳು ಇಡುವ ಕ್ರಮವೂ ಲೆಕ್ಕಕ್ಕೆ ಬರುತ್ತದೆ. ನಮಗೆಲ್ಲ ತೋರುಬೆರಳನ್ನು ಮೊದಲಿಟ್ಟು ಕಿರುಬೆರಳನ್ನು ಮುಂದಕ್ಕೆ ಚಾಚುವ ಅಭ್ಯಾಸ. ಉಲ್ಟಾ ಮಾಡಿ. ಕಿರುಬೆರಳನ್ನು ಅದರ ಜಾಗದಲ್ಲಿ, ಫ್ರೆಟ್‌ನ ಹಿಂದೆಯೇ, ಆರಾಮಾಗಿ ಬಾಗಿದ ಹಾಗೆ ಕೂರಿಸಿ. ಆಮೇಲೆ ತೋರುಬೆರಳನ್ನು ಹಿಂದಕ್ಕೆ ಚಾಚಿ. ತೋರುಬೆರಳಿಗೆ ಒಂಟಿಯಾಗಿ ಅಡ್ಡ ಹೋಗುವ ಸ್ವಾತಂತ್ರ್ಯ ಬೇರೆ ಬೆರಳುಗಳಿಗಿಂತ ಜಾಸ್ತಿ. ಕಿರುಬೆರಳು ಎಲ್ಲಕ್ಕಿಂತ ಚಿಕ್ಕದು, ಅದನ್ನು ಪೂರ್ತಿ ಚಾಚಿಸಿ ಒತ್ತು ಅನ್ನುವುದು ಅನ್ಯಾಯ. ಬಲ ಇಲ್ಲದವರಿಗೆ ಹತ್ತಿರದ ಕೆಲಸ ಕೊಟ್ಟು, ಬಲ ಇರುವವರನ್ನು ದೂರ ಕಳಿಸಬೇಕು.

ಎಷ್ಟು ಒತ್ತಬೇಕು? ತಂತಿಯನ್ನು ಸುಮ್ನೆ ಮುಟ್ಟಿಕೊಂಡು ಬಲಗೈಯಲ್ಲಿ ಮೀಟುತ್ತಾ ಇರಿ. ಮೊದಲು ಬರೀ ಟಕ್ ಟಕ್ ಅನ್ನುತ್ತದೆ. ನಿಧಾನಕ್ಕೆ ಒತ್ತಡ ಏರಿಸಿ. ಒಂದು ಹಂತದಲ್ಲಿ ಝರ್ ಅನ್ನುತ್ತದೆ. ಇನ್ನೂ ಸ್ವಲ್ಪ ಒತ್ತಿದಾಗ ಸ್ವರ ತಿಳಿಯಾಗುತ್ತದೆ. ಅಲ್ಲೇ ನಿಲ್ಲಿಸಿ. ಅದಕ್ಕಿಂತ ಜಾಸ್ತಿ ಒತ್ತಿದ್ದೆಲ್ಲ ದಂಡ. ದಂಡ ಮಾತ್ರ ಅಲ್ಲ, ಅಗಲಕ್ಕೆ ಶತ್ರು ಕೂಡ. ಬಿಗಿ ಹಿಡಿದ ಕೈ ಮುದುಡುತ್ತದೆ. ಚಾಚುವುದು ಮತ್ತು ಹಿಂಡುವುದು ಎರಡೂ ಒಂದೇ ಕೈಯಲ್ಲಿ ಒಟ್ಟಿಗೆ ನಡೆಯುವುದಿಲ್ಲ.

ಕೈ ಚಿಕ್ಕದು ಅನ್ನುವ ಮಾತಿಗೆ ಬರುತ್ತೇನೆ. ಜಾಝ್ ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್ 1928ರಲ್ಲಿ ತಾನು ವಾಸವಿದ್ದ ಗಾಡಿಗೆ ಬೆಂಕಿ ಬಿದ್ದಾಗ ಎಡಗೈ ಸುಟ್ಟುಕೊಂಡ. ಉಂಗುರದ ಬೆರಳು, ಕಿರುಬೆರಳು ಎರಡೂ ಮಡಚಿಕೊಂಡೇ ಉಳಿದವು. ಉಳಿದ ಎರಡು ಬೆರಳುಗಳಲ್ಲಿ ಅವನು ನುಡಿಸಿದ್ದನ್ನು ಇವತ್ತಿಗೂ ನಾಲ್ಕು ಬೆರಳಿನವರು ಬರೆದುಕೊಂಡು ಕಲಿಯುತ್ತಾರೆ. ಕೈಯ ಅಳತೆ ಏನೂ ಲೆಕ್ಕಕ್ಕಿಲ್ಲ ಅಂತ ನಾನು ಹೇಳುತ್ತಿಲ್ಲ. ಇಂಗ್ಲೆಂಡಿನ ಗಿಟಾರ್ ವಾದಕ ಅಲನ್ ಹೋಲ್ಡ್ಸ್‌ವರ್ತ್ ಹಿಡಿಯುತ್ತಿದ್ದ ಕೆಲವು ಕಾರ್ಡ್‌ಗಳು ಎಷ್ಟೋ ಕೈಗಳಿಗೆ ಎಂದೂ ಬರಲಿಕ್ಕಿಲ್ಲ. ಆದರೆ 4-6-8ರ ಈ ಸ-ಪ-ರಿ ಆ ಪಟ್ಟಿಯಲ್ಲಿ ಇಲ್ಲ. ನೆಕ್ ಮೇಲೆ ಸರಿಯಾದ ಜಾಗದಿಂದ ಶುರು ಮಾಡಿದರೆ ಬಹುಪಾಲು ಜನರಿಗೆ ಸಿಗುವ ಕಾರ್ಡ್ ಅದು.

ನೋವಿನ ವಿಷಯದಲ್ಲಿ ಮಾತ್ರ ರಾಜಿ ಬೇಡ. ಬೆರಳ ತುದಿ ಉರಿಯುವುದು ಬೇರೆ, ಅದು ಚರ್ಮ ಗಟ್ಟಿಯಾದಂತೆ ಹೋಗುತ್ತದೆ. ಹೆಬ್ಬೆರಳಿನ ಬುಡದಲ್ಲಿ ಆಯಾಸ ಆಗುವುದೂ ಬೇರೆ, ಕೈ ಕೆಳಗೆ ಬಿಟ್ಟು ಅಲ್ಲಾಡಿಸಿದರೆ ಹೋಗುತ್ತದೆ. ಆದರೆ ಮಣಿಕಟ್ಟಿನಲ್ಲಿ, ಮುಂಗೈಯಲ್ಲಿ ಚುಚ್ಚಿದ ಹಾಗಾದರೆ, ಬೆರಳು ಜುಮ್ಮೆಂದರೆ, ಆ ದಿನಕ್ಕೆ ಗಿಟಾರ್ ಕೆಳಗಿಡಬೇಕು. ಮತ್ತೆ ಮತ್ತೆ ಬಂದರೆ ಡಾಕ್ಟರಿಗೆ ತೋರಿಸಬೇಕು. ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಎದ್ದ ಕೂಡಲೇ 2ನೇ ಫ್ರೆಟ್‌ಗೆ ಕೈ ಹಾಕುವುದೂ ಬೇಡ. ಬಿಸಿ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದು, ಸುಲಭದ್ದೇನಾದರೂ ನುಡಿಸಿ, ಆಮೇಲೆ ಬನ್ನಿ.

ಇಲ್ಲಿಯವರೆಗೆ ಎಡಗೈ ಆಯಿತು. ಬಲಗೈಗೆ ಅದರದೇ ಪಾಠ ಬೇಕು. ಎರಡನ್ನೂ ಒಟ್ಟಿಗೆ ಹಿಂಸೆ ಮಾಡಬಾರದು ಅಂತ ಇನ್ನೂರು ವರ್ಷದ ಹಿಂದೆಯೇ ಒಬ್ಬರು ತೋರಿಸಿಕೊಟ್ಟಿದ್ದಾರೆ. ಮೌರೊ ಜೂಲಿಯಾನಿ ಎಂಬ ಇಟಲಿಯ ಗಿಟಾರ್ ವಾದಕ. ವಿಯೆನ್ನಾದಲ್ಲಿದ್ದಾಗ, 1812ರಲ್ಲಿ, ಬಲಗೈಗೆ ಅಂತಲೇ 120 ಆರ್ಪೆಜಿಯೋ ಅಭ್ಯಾಸಗಳನ್ನು ಪ್ರಕಟಿಸಿದ. ಆ 120ಕ್ಕೂ ಎಡಗೈಯಲ್ಲಿ ಎರಡೇ ಕಾರ್ಡ್. ಸಿ, ಮತ್ತೆ ಜಿ ಸೆವೆನ್. ಅಷ್ಟೇ. ಎಡಗೈಗೆ ಯೋಚನೆಯೇ ಬೇಡದ ಹಾಗೆ ಮಾಡಿ, ಇಡೀ ಗಮನ ಬಲಗೈಗೆ ಹೋಗುವ ಹಾಗೆ ಮಾಡಿದ್ದಾನೆ. ಎಷ್ಟು ಸರಳ, ಎಷ್ಟು ಬುದ್ಧಿವಂತಿಕೆ!

ಬ್ರೆಜಿಲ್‌ನ ಸಂಗೀತ ಸಂಯೋಜಕ ವಿಲಾ-ಲೋಬೋಸ್ ಇನ್ನೊಂದು ದಾರಿ ಹಿಡಿದ. ಗಿಟಾರ್ ವಾದಕ ಆಂಡ್ರೆಸ್ ಸೆಗೋವಿಯಾಗೆ ಅರ್ಪಿಸಿ ಬರೆದ, 1953ರಲ್ಲಿ ಅಚ್ಚಾದ 12 ಅಭ್ಯಾಸಗಳಲ್ಲಿ ಮೊದಲನೆಯದನ್ನು ನೋಡಿ. ಅಲ್ಲಿ ಬಲಗೈಗೆ ಒಂದೇ ಓಟ, ಹೆಚ್ಚುಕಡಿಮೆ ಕೊನೆಯವರೆಗೂ ಅದೇ. ಎಡಗೈ ಬದಲಾಗುತ್ತಾ ಹೋಗುತ್ತದೆ. ನಡುವೆ ಒಂದು ಡಿಮಿನಿಶ್ಡ್ ಕಾರ್ಡಿನ ಆಕಾರ ನೆಕ್ ಮೇಲಿಂದ ಒಂದೊಂದೇ ಫ್ರೆಟ್ ಕೆಳಗೆ ಇಳಿಯುತ್ತಾ ಬರುತ್ತದೆ. ಇಳಿದಂತೆಲ್ಲ ಅದೇ ಆಕಾರ ಅಗಲವಾಗುತ್ತದೆ. ಕೇಳುವವರಿಗೆ ಅದು ಸಂಗೀತ. ನುಡಿಸುವವರ ಕೈಗೆ ಅದು ನಾನು ಮೇಲೆ ಹೇಳಿದ ಫ್ರೆಟ್ ಇಳಿಸುವ ಅಭ್ಯಾಸವೇ. ಈ ಇಬ್ಬರನ್ನೂ ಒಟ್ಟಿಗಿಟ್ಟು ನೋಡಿದಾಗ ನನಗೆ ಅಭ್ಯಾಸದ ದಾರಿ ಸ್ಪಷ್ಟವಾಯಿತು. ಹೊಸ ಪಿಕಿಂಗ್ (ತಂತಿ ಮೀಟುವ ಕ್ರಮ) ಕಲಿಯುವಾಗ ಎಡಗೈಗೆ ಸುಲಭದ ಇ ಮೈನರ್ ಕೊಡುತ್ತೇನೆ. ಹೊಸ ಅಗಲ ಕಲಿಯುವಾಗ ಬಲಗೈಗೆ ಕಣ್ಣು ಮುಚ್ಚಿ ನುಡಿಸಬಲ್ಲ ಓಟ ಕೊಡುತ್ತೇನೆ. ಎರಡೂ ತಮ್ಮ ತಮ್ಮ ಪಾಠ ಮುಗಿಸಿದ ಮೇಲೆ ಕೂಡಿಸುತ್ತೇನೆ.

ಪಿಕ್ (ತಂತಿ ಮೀಟುವ ಚಿಕ್ಕ ಚಪ್ಪಟೆ ತುಂಡು) ಹಿಡಿದು ಆರ್ಪೆಜಿಯೋ ನುಡಿಸುವುದು ಬೆರಳಿನಲ್ಲಿ ನುಡಿಸುವುದಕ್ಕಿಂತ ಒಂದು ಅರ್ಥದಲ್ಲಿ ಕಷ್ಟ. ಬೆರಳುಗಳಾದರೆ ತಂತಿಗೊಂದರಂತೆ ಕಾಯುತ್ತಾ ಕೂರುತ್ತವೆ. ಪಿಕ್ ಒಂದೇ. ಪ್ರತಿ ಸ್ವರಕ್ಕೂ ತಂತಿ ದಾಟಬೇಕು. ಐದು, ನಾಲ್ಕು, ಮೂರು, ನಾಲ್ಕು (ತೆಳು ತಂತಿಯಿಂದ ಎಣಿಸಿದರೆ; ಅಂದರೆ ಎ, ಡಿ, ಜಿ, ಡಿ) ಅಂತ ತಂತಿಗಳ ಓಟ ತೆಗೆದುಕೊಳ್ಳಿ. ಕೆಳಗೆ, ಮೇಲೆ, ಕೆಳಗೆ, ಮೇಲೆ ಅಂತ ಕಟ್ಟುನಿಟ್ಟಾಗಿ ಹೊಡೆದರೆ ಐದನೆಯದಕ್ಕೂ ಮೂರನೆಯದಕ್ಕೂ ಯಾವಾಗಲೂ ಕೆಳಹೊಡೆತ, ನಾಲ್ಕನೆಯದಕ್ಕೆ ಯಾವಾಗಲೂ ಮೇಲ್ಹೊಡೆತ. ನಾಲ್ಕನೇ ತಂತಿಯನ್ನು ಮೇಲಕ್ಕೆ ಹೊಡೆಯಲು ಪಿಕ್ ಅದನ್ನು ಮುಟ್ಟದೆ ದಾಟಿ ಆಚೆ ಕಡೆಗೆ ಹೋಗಿ ವಾಪಸ್ ಬರಬೇಕು. ಹೊಡೆದ ಮೇಲೆ ಅದನ್ನೇ ಇನ್ನೊಂದು ಸಲ ಹಾರಿ ಮೂರನೆಯದಕ್ಕೆ ಹೋಗಬೇಕು. ಆ ಹಾರಾಟ ಎಷ್ಟು ಚಿಕ್ಕದಾಗುತ್ತದೋ ಅಷ್ಟು ಕೈ ಪಳಗಿದೆ ಎಂದರ್ಥ.

ಇನ್ನೊಂದು ದಾರಿ ಇದೆ. ಐದು, ನಾಲ್ಕು, ಮೂರು ತಂತಿಗಳನ್ನು ಒಂದೇ ಕೆಳಹೊಡೆತದಲ್ಲಿ ಜಾರಿಸಿಕೊಂಡು ಹೋಗಿ, ವಾಪಸ್ ಬರುವಾಗ ಮಾತ್ರ ಮೇಲ್ಹೊಡೆತ. ಇದು ಸುಲಭ, ವೇಗವೂ ಬೇಗ ಬರುತ್ತದೆ. ಆದರೆ ಜಾರುವಾಗ ತಾಳ ಕೈ ತಪ್ಪುತ್ತದೆ. ಮೂರು ಸ್ವರಗಳು ಗುಂಪಾಗಿ ಮುಂದೆ ನುಗ್ಗುತ್ತವೆ, ನಾಲ್ಕನೆಯದು ಹಿಂದೆ ಉಳಿಯುತ್ತದೆ. ನನಗೆ ಅಭ್ಯಾಸಕ್ಕೆ ಮೊದಲನೆಯದೇ ಸರಿ ಅನ್ನಿಸುತ್ತದೆ. ಕೆಳಗೆ-ಮೇಲೆ ಅನ್ನುವ ಲೋಲಕ ತಾನೇ ತಾಳ ಹಿಡಿಯುತ್ತದೆ. ಅದು ಗಟ್ಟಿಯಾದ ಮೇಲೆ ಜಾರುವುದನ್ನು ಕಲಿತರೆ ಆಗ ಜಾರುವಾಗಲೂ ಒಳಗೆ ಆ ಲೋಲಕ ಓಡುತ್ತಿರುತ್ತದೆ.

ವೇಗಕ್ಕೆ ನಾನು ಸಂಗೀತ ಪಾಠದಿಂದ ತಂದ ಒಂದು ಪದ್ಧತಿ ಇದೆ. ತಾಳದ ಏಟು ಹಾಕುವ ಮೆಟ್ರೊನೋಮ್ ಅನ್ನು ಒಂದೊಂದೇ ಅಂಕಿ ಏರಿಸುತ್ತಾ ಹೋಗು ಅಂತ ಎಲ್ಲರೂ ಹೇಳುತ್ತಾರೆ. ಪುರಂದರದಾಸರು ಮಾಯಾಮಾಳವಗೌಳದಲ್ಲಿ ಹಾಕಿಕೊಟ್ಟ ಸರಳೆ ವರಸೆಯನ್ನು ನಾವು ಹಾಗೆ ಕಲಿತವರಲ್ಲ. ತಾಳ ಅಲ್ಲೇ ಇರುತ್ತದೆ, ಹಾಡು ಮೂರು ಕಾಲಕ್ಕೆ ಹೋಗುತ್ತದೆ. ಅದನ್ನೇ ಇಲ್ಲಿ ಮಾಡುತ್ತೇನೆ. ಮೆಟ್ರೊನೋಮ್ 60ರಲ್ಲಿ. ಒಂದು ಏಟಿಗೆ ಒಂದು ಸ್ವರ. ಆಮೇಲೆ ಎರಡು. ಆಮೇಲೆ ನಾಲ್ಕು. ಮತ್ತೆ ಒಂದಕ್ಕೆ ವಾಪಸ್. ವಾಪಸ್ ಬರುವುದು ಅತ್ಯಂತ ಮುಖ್ಯ. ಒಂದನೇ ಕಾಲದಲ್ಲಿ ಪ್ರತಿ ಸ್ವರವೂ ಒಂದು ಸೆಕೆಂಡ್ ಎದುರಿಗೆ ನಿಂತಿರುತ್ತದೆ. ಅದರ ಶುರು, ಅದರ ಉಸಿರು, ಅದು ಮುಂದಿನ ಸ್ವರದ ಜೊತೆ ಸೇರುವ ಜಾಗ ಎಲ್ಲ ಕೇಳಿಸುತ್ತದೆ. ನಿಧಾನದಲ್ಲಿ ಅಗಲದ ಕಾರ್ಡ್ ಹಿಡಿದು ನಿಲ್ಲುವುದು ವೇಗದಲ್ಲಿ ನುಡಿಸುವುದಕ್ಕಿಂತ ಕಷ್ಟ. ಎಡಗೈಗೆ ನಿಜವಾದ ಪಾಠ ಅಲ್ಲೇ ಆಗುತ್ತದೆ. ಮೂರನೇ ಕಾಲದಲ್ಲಿ ಬಂದಂತೆ ಅನ್ನಿಸಿದ್ದು ಒಂದನೇ ಕಾಲದಲ್ಲಿ ನಿಲ್ಲದಿದ್ದರೆ, ಅದು ಇನ್ನೂ ಬಂದಿಲ್ಲ.

ಒಂದು ಆಕಾರದಿಂದ ಇನ್ನೊಂದಕ್ಕೆ ಹೋಗುವಾಗ ಕೈಯನ್ನು ಅಗಲಿಸಿಕೊಂಡೇ ಎಳೆದೊಯ್ಯುವುದು ಬೇಡ. ಕಾರ್ಡ್ ಮುಗಿಯಿತು, ಬಿಡಿ. ಬೆರಳುಗಳು ತಾವಾಗಿ ಹತ್ತಿರ ಬರಲಿ. ಹೊಸ ಜಾಗದಲ್ಲಿ ಮತ್ತೆ ತೆರೆದುಕೊಳ್ಳಲಿ. ಆರ್ಪೆಜಿಯೋದಲ್ಲಿ ಇದಕ್ಕೆ ಸಮಯ ಇದೆ, ಯಾಕೆಂದರೆ ಮೂರು ಬೆರಳೂ ಒಂದೇ ಕ್ಷಣಕ್ಕೆ ಕೂರಬೇಕಾಗಿಲ್ಲ. ಮೊದಲ ಸ್ವರದ ಬೆರಳು ಮೊದಲು, ಉಳಿದವು ತಮ್ಮ ಸರದಿಗೆ ಸ್ವಲ್ಪ ಮುಂಚೆ ಬಂದರೆ ಸಾಕು. ವೇಗದ ಹಾಡಿನಲ್ಲೂ ಕೈಗೆ ಪ್ರತಿ ಸುತ್ತಿನಲ್ಲಿ ಒಂದು ಚಿಕ್ಕ ವಿಶ್ರಾಂತಿ ಸಿಗುತ್ತದೆ. ಆ ವಿಶ್ರಾಂತಿಯನ್ನು ಬಳಸಿಕೊಳ್ಳಲು ಕಲಿತವರು ಪೂರ್ತಿ ಹಾಡು ನುಡಿಸಿಯೂ ಸುಸ್ತಾಗುವುದಿಲ್ಲ.

ದಪ್ಪ ತಂತಿಗಳ ಸ-ಪ-ರಿ ಕೈಗೆ ಹತ್ತಿದ ಮೇಲೆ ಡಿ, ಜಿ, ಬಿ ತಂತಿಗಳಿಗೆ ಹೋಗಬಹುದು. ನಾನೀಗ ಅಲ್ಲಿದ್ದೇನೆ. ಜಿ-ಬಿ ನಡುವೆ ಅಂತರ ನಾಲ್ಕೇ ಫ್ರೆಟ್ ಆಗಿರುವುದರಿಂದ ಅದೇ ಮೂರು ಸ್ವರಗಳಿಗೆ ಇಲ್ಲಿ ಐದು ಫ್ರೆಟ್ ಅಗಲ ಬೇಕು. 5-7-10 ಹಿಡಿದರೆ ಸುಮಾರು 122 ಮಿ.ಮೀ. ಅದೇ ಆಕಾರ 12-14-17ರಲ್ಲಿ 81. ಹಾಗಾಗಿ 12ರಿಂದ ಶುರು ಮಾಡಿದ್ದೇನೆ, ಒಂದನೇ ಕಾಲದಲ್ಲಿ. ತೆಳು ತಂತಿಗಳ ಮೇಲೆ ಆ ರಿಷಭ ಗಂಟೆಯಂತೆ ನುಡಿಯುತ್ತದೆ. ಎಲೆಕ್ಟ್ರಿಕ್ ಗಿಟಾರ್ ಇದ್ದವರು ಇವತ್ತೇ ಹಿಡಿದು ನೋಡಿ. ಅಕೌಸ್ಟಿಕ್ ಆದರೆ 12ರ ಆಚೆ ಕೈ ಹೋಗುವುದು ಕಷ್ಟ, 9-11-14ರಿಂದ ಶುರು ಮಾಡಿ.